ಯಾರ ಬಾಯಿಗೆ?

ಒಕ್ಬುನ್ ಬಂದು ದೂಬು ಕೇಳಿದಾಗ ನಾನು ಸೋಯಾ ಹಾಲಿನ ಹಂಡೆಯ ಮುಂದೆ ನಿಂತಿದ್ದೆ. ಕುದಿದ ಹಾಲಿಗೆ ಕಡಲುಪ್ಪಿನ ಕಹಿನೀರು ಬಿಡುವ ಹೊತ್ತು. ಆಗ ಕೈ ನಡುಗಬಾರದು. ನಡುಗಿದರೆ ಹಾಲು ಮರಳು ಮರಳಾಗಿ ಒಡೆಯುತ್ತದೆ, ಪನೀರಿನ ಹಾಗೆ ಗಟ್ಟಿ ದೂಬು ಕೂಡುವುದಿಲ್ಲ. ಮೂವತ್ತು ವರ್ಷದಿಂದ ನನ್ನ ಪಕ್ಕದ ಅಂಗಡಿಯಲ್ಲಿ ಅಕ್ಕಿ ಕಡುಬು ಬೇಯಿಸುತ್ತಿರುವ ಒಕ್ಬುನ್‌ಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಆ ಹೊತ್ತನ್ನೇ ಹುಡುಕಿಕೊಂಡು ಬಂದಳು.

"ಮಲ್ಜಾ, ನಾಳೆ ಒಂದು ಹಲಗೆ ದೂಬು ನಂಗೆ ಎತ್ತಿಡೇ. ಬೆಳಿಗ್ಗೆ ನಮ್ಮ ತೇಸಿಕ್ ಹೊರಗೆ ಬರ್ತಾನೆ."

ನಮ್ಮ ತೇಸಿಕ್. ಒಕ್ಬುನ್‌ಳ ತಮ್ಮ. ನನ್ನ ತಂಗಿ ಸುಲ್ಗಿಯ ಮೇಲೆ ಅತ್ಯಾಚಾರ ಮಾಡಿ ಜೈಲಿಗೆ ಹೋದವನು.

ಜೈಲಿನಿಂದ ಬಂದವನಿಗೆ ಮನೆ ಹೊಸ್ತಿಲು ದಾಟುವ ಮೊದಲು ದೂಬು ತಿನ್ನಿಸುವುದು ನಮ್ಮಲ್ಲಿ ನಡೆದು ಬಂದದ್ದು. ಬೆಳ್ಳಗಿರುವುದನ್ನು ತಿಂದು ಬೆಳ್ಳಗಾಗು, ಮತ್ತೆ ಒಳಗೆ ಹೋಗಬೇಡ ಅಂತ. ನಾನೇ ಎಷ್ಟೋ ಜನಕ್ಕೆ ಕೊಟ್ಟಿದ್ದೇನೆ. ಸೈಕಲ್ ಕದ್ದವನಿಗೆ ಕೊಟ್ಟಿದ್ದೇನೆ. ಕುಡಿದು ಪೊಲೀಸಿನವನ ಟೋಪಿ ಹಾರಿಸಿದವನಿಗೆ ಕೊಟ್ಟಿದ್ದೇನೆ. ಮುಷ್ಕರ ಹೂಡಿ ಒಳಗೆ ಹೋದ ಹಡಗು ಕಟ್ಟುವ ಹುಡುಗರಿಗಂತೂ ಕರೆದು ಬಿಟ್ಟಿ ತಿನ್ನಿಸಿದ್ದೇನೆ.

"ಕೇಳಿಸ್ತೇನೇ?" ಎಂದಳು ಒಕ್ಬುನ್.

"ಕೇಳಿಸ್ತು."

"ಮಾರ್ಟಲ್ಲಿ ಡಬ್ಬಿ ದೂಬು ಸಿಗತ್ತೆ. ಅದು ತಣ್ಣಗಿರತ್ತೆ, ಶಾಸ್ತ್ರಕ್ಕೆ ಬರಲ್ಲ. ಸಂಘದ ಅಧ್ಯಕ್ಷರೂ ಬಿಸಿದೇ ಆಗ್ಬೇಕು ಅಂದ್ರು. ಮಧ್ಯಾಹ್ನ ಪೇಟೆಯವರಿಗೆಲ್ಲ ಊಟ ಬೇರೆ ಇದೆ."

"ಒಕ್ಬುನಕ್ಕಾ, ನಿನ್ನ ತಮ್ಮ ಏನು ಮಾಡಿ ಒಳಗೆ ಹೋಗಿದ್ದ?"

ಅವಳು ಆಚೆ ಈಚೆ ನೋಡಿದಳು. "ಆ ವಿಷಯ ಈಗ ಯಾಕೆ? ಆಗಿದ್ದು ಆಗೋಯ್ತು. ಪಾಪ ದೂಬು ಏನು ತಪ್ಪು ಮಾಡಿದೆ?"

"ದೂಬು ಏನೂ ಮಾಡಿಲ್ಲ. ಅದಕ್ಕೇ ಅದನ್ನ ಅವನ ಬಾಯಿಗೆ ಹಾಕೋಕೆ ಮನಸ್ಸು ಬರ್ತಿಲ್ಲ."

ಅವಳು ನಕ್ಕಳು. ತಮಾಷೆ ಎಂದುಕೊಂಡಳು! "ನೀನೊಬ್ಳು," ಎಂದು ನನ್ನ ಭುಜ ತಟ್ಟಿ ಹೋದಳು. ಹಂಡೆಯ ಹಾಲು ಅಷ್ಟರಲ್ಲಿ ಮರಳಾಗಿತ್ತು. ಅಷ್ಟನ್ನೂ ಹಂದಿ ಸಾಕುವವನಿಗೆ ಕೊಟ್ಟೆ. ಹಂದಿಗಳು ನ್ಯಾಯವಾಗಿ ತಿಂದವು.

ಆ ವಿಷಯ. ನಮ್ಮ ಪೇಟೆಯಲ್ಲಿ ಅದಕ್ಕೆ ಇಟ್ಟ ಹೆಸರು ಅದು. ಯಾರೂ ಬೇರೆ ಹೆಸರು ಹೇಳುವುದಿಲ್ಲ. ಕೋಳಿ ಕದ್ದರೆ ಕಳ್ಳತನ ಎನ್ನುತ್ತಾರೆ, ತಕ್ಕಡಿಯಲ್ಲಿ ಕಲ್ಲು ಇಟ್ಟರೆ ಮೋಸ ಎನ್ನುತ್ತಾರೆ. ಒಬ್ಬ ಹೆಂಗಸಿನ ಬಾಯಿ ಮುಚ್ಚಿ ಕೆಡವಿದರೆ ಮಾತ್ರ ‘ಆ ವಿಷಯ’. ಸಭ್ಯರು ನೋಡಿ, ನಾಲಿಗೆಗೆ ಮೈಲಿಗೆ ಆಗಿಬಿಡುತ್ತದೆ.

ನನ್ನ ಹೆಸರು ಮಲ್ಜಾ. ಇವಳೇ ಕೊನೆ, ಇನ್ನು ಹೆಣ್ಣು ಸಾಕು ಅಂತ ನಮ್ಮಪ್ಪ ಇಟ್ಟ ಹೆಸರು. ದೇವರಿಗೆ ಅಪ್ಪನ ಮಾತು ಕೇಳಿಸಲಿಲ್ಲವೋ ಏನೋ, ನನಗೆ ಹದಿನಾರಾದಾಗ ಸುಲ್ಗಿ ಹುಟ್ಟಿದಳು. ಅಮ್ಮ ಹೆತ್ತಳು, ನಾನು ಸಾಕಿದೆ. ಬೆನ್ನಿಗೆ ಕಟ್ಟಿಕೊಂಡೇ ಸೋಯಾ ಕಾಳು ಬೀಸಿದೆ. ಮಗು ಅಳುವುದು ನಿಲ್ಲಿಸುತ್ತಿದ್ದದ್ದು ಬೀಸುವ ಕಲ್ಲಿನ ಸದ್ದಿಗೆ.

ಸುಲ್ಗಿ ಮದುವೆ ಬೇಡ ಎಂದಳು, ದೂಬು ಅಂಗಡಿಯೂ ಬೇಡ ಎಂದಳು. ಮುದುಕರ ಆರೈಕೆಯ ತರಬೇತಿ ಮಾಡಿಕೊಂಡು ಮನೆ ಮನೆಗೆ ಹೋಗುತ್ತಿದ್ದಳು. ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸುವುದು, ತೊಳೆಯುವುದು, ಹೇಲು ಬಳಿಯುವುದು, ಗಂಜಿ ತಿನ್ನಿಸುವುದು. ಆ ಮನೆಗಳಲ್ಲಿ ತೇಸಿಕನದೂ ಒಂದು. ಲಕ್ವ ಹೊಡೆದು ಮಾತು ನಿಂತ ಅವನ ಅಪ್ಪನನ್ನು ಮೂರು ವರ್ಷ ಅವಳೇ ಎತ್ತಿದಳು, ಇಳಿಸಿದಳು. ಮುದುಕನ ಬೆನ್ನಿನಲ್ಲಿ ಒಂದು ಹುಣ್ಣು ಏಳಲಿಲ್ಲ. ಅದಕ್ಕೆ ಜಿಲ್ಲೆಯವರು ವೇದಿಕೆಗೆ ಕರೆದು ‘ಮಾದರಿ ಮಗ’ ಅಂತ ಫಲಕ ಕೊಟ್ಟರು. ತೇಸಿಕ್‌ಗೆ! ಅವನು ಅಪ್ಪನ ಕೋಣೆಗೆ ಹೋಗುತ್ತಿದ್ದದ್ದು ಹೊಸ ವರ್ಷದ ದಿನ ನಮಸ್ಕಾರ ಮಾಡಲು, ಅದೂ ಮೂಗು ಮುಚ್ಚಿಕೊಂಡು.

ಆ ಮನೆಯಲ್ಲೇ, ಮುದುಕನ ಪಕ್ಕದ ಕೋಣೆಯಲ್ಲೇ, ಒಂದು ಮಧ್ಯಾಹ್ನ. ಅಲ್ಲಿ ನಡೆದದ್ದನ್ನು ಅವಳು ಪೊಲೀಸರಿಗೆ ಹೇಳಿದ್ದಾಳೆ, ವೈದ್ಯರಿಗೆ ಹೇಳಿದ್ದಾಳೆ, ಕೋರ್ಟಿಗೆ ಹೇಳಿದ್ದಾಳೆ. ನಿಮಗೆ ಮತ್ತೆ ಹೇಳಬೇಕಾಗಿಲ್ಲ. ಮುದುಕ ಒಂದೇ ಸಮನೆ ಗೋಡೆಗೆ ಕೈ ಬಡಿಯುತ್ತಿದ್ದನಂತೆ. ಆ ಮನೆಯಲ್ಲಿ ಮನುಷ್ಯ ಅಂತ ಇದ್ದವನು ಅವನೊಬ್ಬನೇ. ಅವನಿಗೆ ಮಾತು ಬರುತ್ತಿರಲಿಲ್ಲ.

ಅವಳು ನೇರ ನನ್ನ ಅಂಗಡಿಗೆ ಬಂದಳು. ಒಂದು ಕಾಲಿಗೆ ಚಪ್ಪಲಿ ಇರಲಿಲ್ಲ. "ಅಕ್ಕ, ಸ್ನಾನ ಮಾಡ್ಬೇಕು," ಎಂದಳು. ನಾನು ಒಲೆ ಆರಿಸಿದೆ. "ಮೊದಲು ಆಸ್ಪತ್ರೆ. ಆಮೇಲೆ ಸ್ನಾನ. ನಾನಿರ್ತೀನಿ," ಎಂದೆ. ಅಷ್ಟೇ ಹೇಳಿದ್ದು. ಯಾಕೆ, ಹೇಗೆ, ಯಾವಾಗ ಎಂದು ಕೇಳುವ ಜನ ಮುಂದೆ ಸಾಲುಗಟ್ಟಿ ಬರುವವರಿದ್ದರು. ನನ್ನದೊಂದು ಪ್ರಶ್ನೆ ಕಡಿಮೆಯಾದರೆ ಊರೇನೂ ಮುಳುಗುವುದಿಲ್ಲ.

ಬಂದರು, ಬರದೆ ಇರುತ್ತಾರೆಯೇ. ಪೇಟೆ ಸಂಘದ ಅಧ್ಯಕ್ಷ ಬ್ಯೊನ್ ಒಂದು ಪೆಟ್ಟಿಗೆ ಪೇರ್ ಹಣ್ಣು, ಅದರ ಮೇಲೊಂದು ಲಕೋಟೆ ಹಿಡಿದು ಬಂದ. "ರಾಜಿ ಮಾಡ್ಕೊಳ್ಳಮ್ಮ. ಒಂದೇ ಪೇಟೆಯವರು ನಾವು." ಪೆಟ್ಟಿಗೆಯನ್ನು ಹಾಗೇ ಎತ್ತಿ ಅವನ ತಲೆಯ ಮೇಲೆ ಇಟ್ಟು ಕಳಿಸಿದೆ. ಮುಂದಿನ ವಾರ ಅದೇ ಮನುಷ್ಯ ಅಂಗಡಿ ಅಂಗಡಿಗೂ ಹೋಗಿ ಕೋರ್ಟಿಗೆ ಕೊಡುವ ಮನವಿಗೆ ರುಜು ಹಾಕಿಸಿದ. ತೇಸಿಕ್ ಒಳ್ಳೆಯವನು, ಮಾದರಿ ಮಗ, ಕರುಣೆ ತೋರಿಸಿ ಅಂತ. ರೂಢಿಯ ಬಲದಲ್ಲಿ ನನ್ನ ಅಂಗಡಿಗೂ ಬಂದು ಪೆನ್ನು ಚಾಚಿದ. "ಎಲ್ಲರೂ ಹಾಕಿದ್ದಾರೆ ಮಲ್ಜಾ, ನಿಂದೊಂದು..." ಎಂದವನು ನನ್ನ ಮುಖ ನೋಡಿ ಎಚ್ಚೆತ್ತ. ನಮ್ಮವರ ಒಗ್ಗಟ್ಟು ಅಂಥದ್ದು. ಯಾರ ಕುತ್ತಿಗೆ ಹಿಚುಕಬೇಕೋ ಅವರಿಂದಲೇ ಹಗ್ಗ ಕೇಳುತ್ತಾರೆ.

ಇಡೀ ಸಾಲಿನಲ್ಲಿ ರುಜು ಹಾಕದವಳು ನಾನು ಬಿಟ್ಟರೆ ಎದುರಿನ ಮೀನಿನ ಅಜ್ಜಿ ಒಬ್ಬಳೇ. ಅವಳಿಗೆ ಕಿವಿ ಮಂದ, ಅಕ್ಷರ ಬರುವುದಿಲ್ಲ. ಹೆಬ್ಬೆಟ್ಟು ಒತ್ತು ಎಂದರೆ, "ನನ್ನ ಕೈ ಮೀನಿನ ನಾತ. ನಿಮ್ಮ ಕಾಗದದ ನಾತ ನನ್ನ ಮೀನಿಗೆ ಹತ್ತೀತು, ಹೋಗಿ!" ಎಂದು ಪೇಟೆಗೇ ಕೇಳುವಂತೆ ಕಿರುಚಿದ್ದಳು.

ಕೋರ್ಟಿನಲ್ಲಿ ತೇಸಿಕನ ವಕೀಲ ಸುಲ್ಗಿಯನ್ನು ಕೇಳಿದ. "ನೀವು ‘ಆಗಲ್ಲ’ ಅಂದೆ ಅಂತೀರಿ. ಎಷ್ಟು ಜೋರಾಗಿ ಅಂದ್ರಿ? ಅದೇ ದನೀಲಿ ಈಗೊಂದ್ಸಲ ಅನ್ನಿ ನೋಡೋಣ."

ಅವಳು ಅಂದಳು. "ಆಗಲ್ಲ."

ಅವನು ಕಿವಿಗೆ ಕೈ ಇಟ್ಟುಕೊಂಡ. "ಕೇಳಿಸ್ಲಿಲ್ಲ."

"ನಂಗೆ ಕೇಳಿಸ್ತು!" ಎಂದು ಹಿಂದಿನ ಬೆಂಚಿನಿಂದ ನಾನು ಎದ್ದು ನಿಂತೆ. ನನ್ನನ್ನು ಹೊರಗೆ ಕಳಿಸಿದರು. ಆ ಮೊಕದ್ದಮೆಯಲ್ಲಿ ಎಲ್ಲರಿಗಿಂತ ಮೊದಲು ಶಿಕ್ಷೆಯಾದದ್ದು ನನಗೆ.

ಅವನಿಗೂ ಆಯಿತು, ಒಂದೂವರೆ ವರ್ಷ. ಇನ್ನೂ ಹೆಚ್ಚು ಆಗುತ್ತಿತ್ತಂತೆ. ಕುಡಿದಿದ್ದ, ಪಶ್ಚಾತ್ತಾಪ ಪಟ್ಟಿದ್ದಾನೆ, ಊರಿನವರ ಮನವಿ ಇದೆ, ಎಲ್ಲಕ್ಕಿಂತ ಹೆಚ್ಚಾಗಿ ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಳ್ಳುವ ಮಗ, ಆದ್ದರಿಂದ ಕಡಿಮೆ. ಅಪ್ಪನನ್ನು ನೋಡಿಕೊಂಡವಳು ಎದುರಿಗೇ ನಿಂತಿದ್ದಳು. ತೀರ್ಪು ಓದಿದವರು ಕಣ್ಣೆತ್ತಿ ನೋಡಲಿಲ್ಲ. ಮಾರನೇ ವಾರ ಒಕ್ಬುನ್ ಆ ಮುದುಕನನ್ನು ವೃದ್ಧಾಶ್ರಮಕ್ಕೆ ಹಾಕಿದಳು. ಬೆನ್ನು ಹುಣ್ಣಾಗಿ ಚಳಿಗಾಲ ಕಳೆಯುವುದರೊಳಗೆ ಸತ್ತ.

ಜೈಲಿಗೆ ಹೋದವನು ಅವನು. ಒಳಗೆ ಕೂತವಳು ನನ್ನ ತಂಗಿ. ಅಂಗಡಿಯ ಹಿಂದಿನ ಕೋಣೆ ಅವಳದಾಯಿತು. ಕೆಲಸಕ್ಕೆ ಕರೆಯುವವರಿಲ್ಲ. ‘ಆ ವಿಷಯ’ದವಳು ನಮ್ಮ ಮನೆಗೆ ಬೇಡ ಎಂದರು. ಬೆಳಿಗ್ಗೆ ಹಂಡೆಯಿಂದ ಮೊದಲ ಸೌಟು, ಇನ್ನೂ ಹಿಂಡದ ಮೆತ್ತನೆ ದೂಬು, ಬಟ್ಟಲಿಗೆ ಹಾಕಿ ಬಾಗಿಲ ಬಳಿ ಇಡುತ್ತಿದ್ದೆ. ಕೆಲವು ದಿನ ತಿನ್ನುತ್ತಿದ್ದಳು. ಕೆಲವು ದಿನ ಬಟ್ಟಲು ಹಾಗೇ ಇರುತ್ತಿತ್ತು. ನಾನು ಬೈಯುತ್ತಿರಲಿಲ್ಲ, ಬೇಡಿಕೊಳ್ಳುತ್ತಲೂ ಇರಲಿಲ್ಲ. ಮಾರನೇ ದಿನ ಮತ್ತೆ ಇಡುತ್ತಿದ್ದೆ.

ಮೊದಲು ನಾವಿಬ್ಬರೂ ವಾರಕ್ಕೊಮ್ಮೆ ಊರ ಸ್ನಾನದ ಮನೆಗೆ ಹೋಗಿ ಒಬ್ಬರ ಬೆನ್ನು ಒಬ್ಬರು ಉಜ್ಜಿಕೊಳ್ಳುತ್ತಿದ್ದೆವು. ನಮ್ಮ ಹೆಂಗಸರು ಅಲ್ಲಿ ಬಟ್ಟೆ ಬಿಚ್ಚಿದ ಮೇಲೆ ನಾಲಿಗೆಯನ್ನೂ ಬಿಚ್ಚುತ್ತಾರೆ. ಸುಲ್ಗಿ ಹೋಗುವುದು ಬಿಟ್ಟಳು. ನಾನೂ ಬಿಟ್ಟೆ. ಕಾಳು ನೆನೆಹಾಕುವ ದೊಡ್ಡ ತೊಟ್ಟಿಗೆ ಬಿಸಿನೀರು ತುಂಬಿಸಿಕೊಡುತ್ತಿದ್ದೆ. ಬಾಗಿಲ ಹೊರಗೆ ನಿಂತು ಕೇಳುತ್ತಿದ್ದೆ, "ಬೆನ್ನು ಉಜ್ಜಲೇನೇ?"

"ಬೇಡ ಅಕ್ಕ."

"ಸರಿ."

ಒಳಗೆ ಅವಳು ತನ್ನನ್ನು ತಾನೇ ಉಜ್ಜಿಕೊಳ್ಳುವ ಸದ್ದು. ತೊಲೆ ಕೊಯ್ಯುವ ಗರಗಸದ ಹಾಗೆ. ನೀರು ತೆಗೆಯುವಾಗ ಕೆಂಪಗಿರುತ್ತಿತ್ತು. ಬಾಗಿಲ ಹೊರಗೆ ನಿಂತು ನನಗೆ ಆ ಇಡೀ ಪೇಟೆಯನ್ನು ಒಟ್ಟಿಗೆ ಹಂಡೆಗೆ ಹಾಕಿ ಕುದಿಸಬೇಕು ಅನ್ನಿಸುತ್ತಿತ್ತು.

ಒಕ್ಬುನ್ ಕೇಳಿ ಹೋದ ಮಾರನೇ ಬೆಳಿಗ್ಗೆ ನಾನು ಎಂದಿನ ಹಾಗೆ ಕಾಳು ಬೀಸಿದೆ, ಕುದಿಸಿದೆ, ಚೀಲಕ್ಕೆ ಹಾಕಿ ಹಿಂಡಿದೆ. ಐವತ್ತು ದಾಟಿದ ಭುಜ, ಹಿಂಡುವಾಗ ಕಟಕಟ ಎನ್ನುತ್ತದೆ. ಕಹಿನೀರು ಬಿಟ್ಟೆ. ಅಂದು ಕೈ ನಡುಗಲಿಲ್ಲ. ಹಲಗೆಗೆ ಸುರಿದು ಮೇಲೆ ಕಲ್ಲು ಹೇರಿದೆ. ದೂಬು ಕನ್ನಡಿಯ ಹಾಗೆ ಕೂಡಿತು.

ಆಗ ನನಗೊಂದು ಯೋಚನೆ ಬಂತು. ಜಾಣತನದ ಯೋಚನೆ ಎಂದುಕೊಂಡೆ. ಮೊದಲ ತುಂಡು ಕತ್ತರಿಸಿ, ಒಳ್ಳೆಯ ತಟ್ಟೆಯಲ್ಲಿಟ್ಟು, ಎರಡೂ ಕೈಯಲ್ಲಿ ಹಿಡಿದು ಸುಲ್ಗಿಯ ಕೋಣೆಗೆ ಹೋದೆ. ಅವಳು ಎದ್ದು ಗೋಡೆಗೊರಗಿ ಕೂತಿದ್ದಳು. ಇವತ್ತು ಯಾವ ದಿನವೆಂದು ಅವಳಿಗೆ ಗೊತ್ತಿತ್ತು.

"ತಗೋ," ಎಂದೆ. "ಒಳಗೆ ಕೂತಿದ್ದು ಅವನಲ್ಲ, ನೀನು. ದೂಬು ತಿನ್ಬೇಕಾದವಳು ನೀನೇ. ತಿಂದು ಹೊರಗೆ ಬಾ."

ಅವಳು ತಟ್ಟೆ ನೋಡಿದಳು. ನನ್ನ ಮುಖ ನೋಡಿದಳು. ಆಮೇಲೆ ಒಂದೂವರೆ ವರ್ಷದಿಂದ ಕೇಳದ ದನಿಯಲ್ಲಿ ಅಂದಳು.

"ತಲೆ ಕೆಟ್ಟಿದೆಯೇನೇ ನಿಂಗೆ?"

ನಾನು ತಟ್ಟೆಯನ್ನು ಇನ್ನೂ ಮುಂದೆ ಚಾಚಿದೆ.

"ದೂಬು ಯಾರು ತಿನ್ನೋದು? ತಪ್ಪು ಮಾಡ್ದೋರು. ಇನ್ನು ಮಾಡಲ್ಲ ಅಂತ ತಿನ್ನೋದು. ನಾನೇನು ತಪ್ಪು ಮಾಡಿದೀನಿ? ಹೇಳು! ನಾನು ಯಾವ ಕೊಳೆ ಬೆಳ್ಳಗೆ ಮಾಡ್ಕೊಬೇಕು? ಊರೆಲ್ಲ ಸಾಲದು ಅಂತ ನೀನೂ ಬಂದ್ಯಾ ತಟ್ಟೆ ಹಿಡ್ಕೊಂಡು?"

ತಟ್ಟೆ ಕೆಳಗಿಟ್ಟೆ. ಅವಳು ಹೇಳಿದ್ದು ಸರಿ. ಆ ಪೇಟೆಯಲ್ಲಿ ಹುಟ್ಟಿ ಬೆಳೆದ ನನ್ನ ತಲೆಯೊಳಗೂ ಅದೇ ಹಳೇ ಹೊಗೆ. ನೊಂದವಳನ್ನೇ ತೊಳೆಯಲು ಹೊರಟಿದ್ದೆ.

"ಮತ್ತೇನು ತಿಂತೀಯ?" ಎಂದೆ.

"ಕಿಮ್ಚಿ. ಕೋಸು ಕೆಂಪಗೆ ಹುಳಿ ಬಂದಿರೋದು. ಹಂದಿ ಮಾಂಸ ಹಾಕಿ ಸಾರು ಮಾಡು. ಖಾರ ಜಾಸ್ತಿ ಇರ್ಲಿ."

ಮಾಡಿದೆ. ಮೂಗು ಸೋರುವ ಹಾಗೆ ತಿಂದಳು, ಎರಡು ಬಟ್ಟಲು ಅನ್ನದ ಜೊತೆ. ತಿಂದು ಎದ್ದಳು. "ನೀರು ಕಾಯಿಸು. ಬೆನ್ನು ಉಜ್ಜು ಬಾ."

ನಾನು ತೊಟ್ಟಿಯ ಪಕ್ಕ ಕೂತೆ. ಅವಳ ಬೆನ್ನ ಮೇಲೆ ಹಳೆಯ ಗೀರುಗಳು, ಅವಳೇ ಮಾಡಿಕೊಂಡವು. ನನ್ನ ಕೈ ಮುಂದೆ ಹೋಗಲಿಲ್ಲ. ಬಟ್ಟೆಯಿಂದ ಮೆತ್ತಗೆ ಒತ್ತುತ್ತಿದ್ದೆ.

"ಜೋರಾಗಿ ಉಜ್ಜೇ ಅಕ್ಕ. ನಾನೇನು ದೂಬಾ?"

ಉಜ್ಜಿದೆ. ಉಜ್ಜುತ್ತಲೇ ಅತ್ತುಬಿಟ್ಟೆ. ಅವಳು ಅಳಲಿಲ್ಲ. ನನ್ನ ಕಣ್ಣೀರು ಅವಳ ಬೆನ್ನಿಗೆ ಬಿದ್ದಾಗ, "ನೀರು ತಣ್ಣಗಾಯ್ತು ನೋಡು," ಎಂದು ರೇಗಿಸಿದಳು.

ತಲೆ ಒರೆಸಿಕೊಂಡು ನನ್ನ ಏಪ್ರನ್ ಕಟ್ಟಿಕೊಂಡಳು. ಅಂಗಡಿಯ ಮುಂದೆ, ರಸ್ತೆಗೆ ಮುಖ ಮಾಡಿ, ಹಬೆಯ ಮೇಲೆ ಬಿಸಿಯಾಗಿಟ್ಟಿದ್ದ ದೂಬಿನ ಹಲಗೆಯ ಹಿಂದೆ ನಿಂತಳು. ಚಾಕು ಕೈಗೆ ತೆಗೆದುಕೊಂಡಳು. ನಾನು ಪಕ್ಕದಲ್ಲಿ ನಿಂತೆ. ಏನು ಮಾಡುತ್ತೀಯ ಎಂದು ಕೇಳಲಿಲ್ಲ.

ಇಡೀ ಪೇಟೆ ಕತ್ತು ತಿರುಗಿಸಿ ನೋಡಿತು. ನಂತರ ಗಿರಾಕಿಗಳು ಬಂದರು. ಅಂದು ಎಂದಿಗಿಂತ ಹೆಚ್ಚು ಗಿರಾಕಿಗಳು. ನನಗೆ ಅರ್ಥವಾಯಿತು. ನಾನು ಕೊಡುವುದಿಲ್ಲವೆಂದು ಒಕ್ಬುನ್‌ಗೆ ರಾತ್ರಿಯೆಲ್ಲ ಯೋಚಿಸಿ ಕೊನೆಗೂ ಹೊಳೆದಿತ್ತು. ಬಟ್ಟಲು ಕೊಟ್ಟು ಒಬ್ಬೊಬ್ಬರನ್ನೇ ಅಟ್ಟಿದ್ದಳು.

ಮೊದಲು ಬಂದವಳು ದರ್ಜಿಯ ಹೆಂಡತಿ. "ಎರಡು ತುಂಡು ಕೊಡಮ್ಮ," ಎಂದಳು, ಸುಲ್ಗಿಯ ಮುಖ ನೋಡದೆ.

ಸುಲ್ಗಿ ಚಾಕು ಎತ್ತಿ ನಿಲ್ಲಿಸಿದಳು. "ಯಾರ ಬಾಯಿಗೆ?"

"ಆಂ?"

"ಈ ದೂಬು ಯಾರ ಬಾಯಿಗೆ ಅಂತ ಕೇಳ್ದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವಳು ಬಟ್ಟಲನ್ನು ಕೋಟಿನ ಹಿಂದೆ ಅಡಗಿಸಿ, ಒಲೆ ಮೇಲೆ ಏನೋ ಇಟ್ಟು ಬಂದಿದ್ದೇನೆ ಎಂದು ಓಡಿದಳು. ಎರಡನೆಯವನೂ ಓಡಿದ. ಮೂರನೆಯವಳು, ಔಷಧಿ ಅಂಗಡಿಯ ಹುಡುಗಿ, "ನಮ್ಮಜ್ಜಿಗೆ, ಅವರಿಗೆ ಹಲ್ಲಿಲ್ಲ," ಎಂದು ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. ಸುಲ್ಗಿ ಅವಳಿಗೆ ಒಂದು ತುಂಡು ಜಾಸ್ತಿ ಹಾಕಿದಳು.

ಅಷ್ಟರಲ್ಲಿ ಪೇಟೆಯ ಬಾಯಿಗೆ ಸಂಘದ ಬಿಳಿ ವ್ಯಾನು ಬಂದು ನಿಂತಿತು. ಗಾಜು ಅರ್ಧ ಇಳಿದಿತ್ತು. ಒಳಗೆ ಅವನು. ದೂಬು ತಿನ್ನದೆ ಇಳಿಯುವ ಹಾಗಿಲ್ಲ, ಮನೆಗೆ ಹೋಗುವ ಹಾಗಿಲ್ಲ. ಶಾಸ್ತ್ರವಂತರು!

ಸುಲ್ಗಿಯ ಚಾಕು ಹಲಗೆಗೆ ತಾಗಿ ಟಕಟಕ ಎಂದಿತು. ನಾನು ಮೆಲ್ಲಗೆ ಕೇಳಿದೆ, "ಒಳಗೆ ಹೋಗ್ತೀಯೇನೇ? ನಾನು ನೋಡ್ಕೋತೀನಿ."

"ನಾನ್ಯಾಕೆ ಒಳಗೆ ಹೋಗ್ಲಿ?" ಎಂದಳು. ಚಾಕುವಿನ ಟಕಟಕ ನಿಲ್ಲಲಿಲ್ಲ. ನಿಂತ ಜಾಗದಿಂದ ಕದಲಲಿಲ್ಲ.

ಅಧ್ಯಕ್ಷ ಬ್ಯೊನ್ ಇಳಿದು ಬಂದ. ಹೊಟ್ಟೆ ಮುಂದೆ, ಅವನು ಹಿಂದೆ. ಒಕ್ಬುನ್ ಬಿಳಿ ಪಿಂಗಾಣಿ ಬಟ್ಟಲು ಹಿಡಿದು ಅವನ ಹಿಂದೆ. ಸುತ್ತ ಜನ ಸೇರಿದ್ದರು, ಸಾಮಾನು ಕೊಳ್ಳುವ ನೆಪದಲ್ಲಿ.

"ಏನಮ್ಮ ಇದು ಹುಡುಗಾಟ?" ಎಂದ ಬ್ಯೊನ್. "ವ್ಯಾಪಾರ ಮಾಡೋರು ಹಿಂಗೆಲ್ಲ ಕೇಳ್ತಾರಾ? ಒಂದು ತುಂಡು ಕೊಡು ಇಲ್ಲಿ."

"ಯಾರ ಬಾಯಿಗೆ?"

"ನನ್ನ ಬಾಯಿಗೆ. ಸರೀನಾ?"

ಸುಳ್ಳು ಹೇಳಿ ಗೆದ್ದೆ ಎಂದುಕೊಂಡು ಅವನು ಜನರ ಕಡೆ ತಿರುಗಿ ನಕ್ಕ. ಸುಲ್ಗಿ ಇಟ್ಟಿಗೆಯಷ್ಟು ದೊಡ್ಡ ತುಂಡು ಕತ್ತರಿಸಿದಳು. ಬಟ್ಟಲಿಗೆ ಹಾಕಲಿಲ್ಲ. ಅವನು ಚಾಚಿದ್ದ ಅಂಗೈ ಮೇಲೇ ಇಟ್ಟಳು.

"ತಿನ್ನಿ."

"ಇಲ್ಲೇ?"

"ನಿಮ್ಮ ಬಾಯಿ ಇಲ್ಲೇ ಇದೆಯಲ್ಲ."

ಅಂಗೈ ಸುಡುತ್ತಿತ್ತು. ಬಿಸಾಕಿದರೆ ಸುಳ್ಳು ಬಯಲಿಗೆ. ವ್ಯಾನಿಗೆ ಒಯ್ಯೋಣವೆಂದರೆ ಜನ ನೋಡುತ್ತಿದ್ದಾರೆ. ಈ ಕೈಯಿಂದ ಆ ಕೈಗೆ ಹಾರಿಸಿದ, ಊದಿದ, ಕೊನೆಗೆ ತಿಂದ. ಪೇಟೆಯ ನಡುವೆ ನಿಂತು, ಬರಿಗೈಯಲ್ಲಿ, ಗಡ್ಡಕ್ಕೆಲ್ಲ ಬಿಳಿ ಮೆತ್ತಿಕೊಂಡು, ಥೇಟು ಜೈಲಿನ ಬಾಗಿಲಲ್ಲಿ ತಿನ್ನುವವರ ಹಾಗೆ. ಎದುರಿನಿಂದ ಮೀನಿನ ಅಜ್ಜಿ ಕಿರುಚಿದಳು. "ಅಧ್ಯಕ್ಷಾ! ನೀನು ಯಾವಾಗಪ್ಪಾ ಬಿಡುಗಡೆ ಆದೆ?"

ಯಾರೋ ಕಿಸಕ್ ಎಂದರು. ಆಮೇಲೆ ಪೇಟೆಯೇ ನಕ್ಕಿತು. ಮನವಿಗೆ ರುಜು ಹಾಕಿದವರೂ ನಕ್ಕರು, ನಾಚಿಕೆಗೆಟ್ಟವರು. ಬ್ಯೊನ್ ಬಾಯಿ ತುಂಬ ದೂಬು ತುಂಬಿಕೊಂಡು ಏನೋ ಹೇಳಿದ. ಅದು ಯಾರಿಗೂ ಕೇಳಿಸಲಿಲ್ಲ.

ಸುಲ್ಗಿ ಚಾಕು ಒರೆಸಿದಳು. "ಮುಂದಿನವರು."

ಮುಂದೆ ಇದ್ದವಳು ಒಕ್ಬುನ್. ಬಟ್ಟಲು ಚಾಚಿದಳು. ಸುಲ್ಗಿಯನ್ನು ಬಿಟ್ಟು ನನ್ನ ಕಡೆ ನೋಡಿದಳು. "ಮಲ್ಜಾ, ಮೂವತ್ತು ವರ್ಷದ ನೆರೆಹೊರೆ..."

"ಅವಳ ಹತ್ರ ಮಾತಾಡು," ಎಂದೆ.

"ಯಾರ ಬಾಯಿಗೆ, ಒಕ್ಬುನಕ್ಕಾ?" ಎಂದಳು ಸುಲ್ಗಿ.

ಒಕ್ಬುನ್ ಬಟ್ಟಲು ನೋಡಿದಳು. ವ್ಯಾನಿನ ಕಡೆ ನೋಡಿದಳು. ಬ್ಯೊನ್‌ನ ಗಡ್ಡ ನೋಡಿದಳು. ಸುಳ್ಳು ಹೇಳುವ ಧೈರ್ಯ ಬರಲಿಲ್ಲ. "ನಮ್ಮ ತೇಸಿಕನ ಬಾಯಿಗೆ," ಎಂದಳು.

ಸುಲ್ಗಿ ಚಾಕು ಕೆಳಗಿಟ್ಟಳು. ತಲೆ ಎತ್ತಿ, ಒಕ್ಬುನ್‌ಳ ಹೆಗಲ ಮೇಲಿನಿಂದ, ಅರ್ಧ ಇಳಿದಿದ್ದ ಆ ಗಾಜಿನ ಕಡೆಗೆ ನೋಡಿದಳು.

"ನನ್ನ ಮೇಲೆ ಅತ್ಯಾಚಾರ ಮಾಡಿದವನ ಬಾಯಿಗಾ?" ಎಂದಳು. "ಆಗಲ್ಲ."

ಕಿರುಚಲಿಲ್ಲ. ಕೋರ್ಟಿನಲ್ಲಿ ಅಂದ ದನಿಯಲ್ಲೇ ಅಂದಳು. ವ್ಯಾನಿನ ಗಾಜು ಮೆಲ್ಲಗೆ ಮೇಲಕ್ಕೆ ಹೋಯಿತು.

ಎದುರು ಸಾಲಿನಲ್ಲಿ, ಕಿವಿಯ ಪಕ್ಕ ಗುಡುಗಿದರೂ ಏನೆಂದು ಕೇಳುವ ಆ ಮೀನಿನ ಅಜ್ಜಿ, ಕೈಯಲ್ಲಿದ್ದ ಮೀನು ಬಿಟ್ಟು ಎದ್ದು ನಿಂತಳು.

"ನಂಗೆ ಕೇಳಿಸ್ತು!" ಎಂದಳು.